ಟ್ರೈಲರ್ ಎಳೆಯುವ ಪಿಕಪ್‌ಗೆ ಯಾವ ಟೈರ್? ಮೊದಲು ತೂಕ ಹಾಕಿಸಿ

ಟೆಕ್ಸಸ್‌ನಲ್ಲಿ ಐ-10 ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೋದರೆ ಜಂಕ್ಷನ್ ಅನ್ನುವ ಸಣ್ಣ ಊರು ಸಿಗುತ್ತದೆ. ಅಲ್ಲಿ ವೇಗದ ಮಿತಿ ಗಂಟೆಗೆ 80 ಮೈಲಿ, ಅಂದರೆ ಸುಮಾರು 129 ಕಿ.ಮೀ. ನಾವು ಕ್ಯಾಂಪರ್ ಟ್ರೈಲರ್ (ಗಾಡಿಯ ಹಿಂದೆ ಎಳೆದುಕೊಂಡು ಹೋಗುವ ಚಕ್ರದ ಮೇಲಿನ ಸಣ್ಣ ಮನೆ) ಕಟ್ಟಿಕೊಂಡು ಬಿಗ್ ಬೆಂಡ್ ನ್ಯಾಷನಲ್ ಪಾರ್ಕಿಗೆ ಹೊರಟಿದ್ದೆವು. ಪಿಕಪ್‌ಗೆ ಹೊಸ ಟೈರ್ ಹಾಕಿಸಿ ಒಂದು ವಾರವೂ ಆಗಿರಲಿಲ್ಲ. "ಹತ್ತು ಪ್ಲೈ ಟೈರು, ಇನ್ನು ಚಿಂತೆಯಿಲ್ಲ" ಅಂತ ಮನೆಯಲ್ಲಿ ಜಂಬ ಕೊಚ್ಚಿಕೊಂಡೇ ಹೊರಟಿದ್ದೆ. ದೊಡ್ಡ ಲಾರಿಯೊಂದು ಪಕ್ಕದಲ್ಲಿ ದಾಟಿ ಹೋಯಿತು ನೋಡಿ, ಗಾಡಿಯ ಹಿಂಭಾಗ ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಲಾಡಿತು. ಹಳೆ ಟೈರ್ ಇದ್ದಾಗ ಹೀಗಾಗಿರಲಿಲ್ಲ.

ವೇಗ ಇಳಿಸಿಕೊಂಡು ಹೇಗೋ ರಾತ್ರಿ ತಂಗುವ ಜಾಗ ಸೇರಿದೆವು. ಮಾರನೆಯ ಬೆಳಗ್ಗೆ, ಟೈರ್ ತಣ್ಣಗಿದ್ದಾಗ, ಗೇಜ್ ಇಟ್ಟು ನೋಡಿದೆ. ನಾಲ್ಕೂ ಟೈರ್‌ಗಳಲ್ಲಿ 35 ಪಿಎಸ್‌ಐ. ನಮ್ಮೂರಿನ ಪಂಚರ್ ಅಂಗಡಿ ಭಾಷೆಯಲ್ಲಿ ಹೇಳುವುದಾದರೆ 35 ಪಾಯಿಂಟ್ ಗಾಳಿ. ಅಂಗಡಿಯವನು ಪಿಕಪ್‌ನ ಬಾಗಿಲಿನ ಸ್ಟಿಕ್ಕರ್ ನೋಡಿ, ಅದರಲ್ಲಿ ಬರೆದಷ್ಟೇ ಗಾಳಿ ಹೊಡೆದಿದ್ದ. ಆದರೆ ಆ ಸ್ಟಿಕ್ಕರ್ ಬರೆದದ್ದು ಹಳೆ ಟೈರ್‌ಗೆ. ಹೊಸದು ಬೇರೆ ಜಾತಿಯ ಟೈರ್. ಗಟ್ಟಿ ಟೈರ್ ಕೊಂಡು ಗಾಡಿಯನ್ನು ಮೊದಲಿಗಿಂತ ಮೆತ್ತಗೆ ಮಾಡಿಕೊಂಡಿದ್ದೆ.

ಇದು ಹೇಗೆ ಅಂತ ಅರ್ಥ ಆಗಬೇಕಾದರೆ ಟೈರ್ ಮೈಮೇಲಿನ ಬರಹ ಓದಬೇಕು. ಅಮೆರಿಕದ ಪಿಕಪ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಟೈರ್ ಬರುತ್ತವೆ. ಒಂದು ಕಾರ್ ಜಾತಿಯದು. ಇದರ ಸೈಜ್ ಮುಂದೆ ಪಿ ಅಕ್ಷರ ಇರುತ್ತದೆ, ಅಥವಾ ಏನೂ ಇರುವುದಿಲ್ಲ. ಇನ್ನೊಂದು ಎಲ್‌ಟಿ, ಅಂದರೆ ಲೈಟ್ ಟ್ರಕ್. ಊರಲ್ಲಿ ಸಾಮಾನು ಹೊರುವ ಬೊಲೆರೊ ಪಿಕಪ್‌ನಂಥ ಗಾಡಿಗಳ ಟೈರ್ ಮೇಲೂ ಈ ಎರಡಕ್ಷರ ನೋಡಿರಬಹುದು. ಎಫ್-150, ರ‍್ಯಾಮ್ 1500, ಸಿಲ್ವರಾಡೊ 1500 ಥರದ 'ಹಾಫ್ ಟನ್' ಪಿಕಪ್‌ಗಳು ಹೆಚ್ಚಾಗಿ ಕಾರ್ ಜಾತಿಯ ಟೈರ್ ಹಾಕಿಕೊಂಡೇ ಶೋರೂಮಿನಿಂದ ಹೊರಬೀಳುತ್ತವೆ. 2500, 3500 ಅನ್ನುವ ದೊಡ್ಡ ಗಾಡಿಗಳಿಗೆ ಮೊದಲಿನಿಂದಲೂ ಎಲ್‌ಟಿ.

ನನ್ನ ಗಾಡಿಯದೇ ಲೆಕ್ಕ ನೋಡಿ. ಹಳೆ ಟೈರ್ 275/65ಆರ್18, ಲೋಡ್ ಇಂಡೆಕ್ಸ್ 116. ಲೋಡ್ ಇಂಡೆಕ್ಸ್ ಅನ್ನುವುದು ಒಂದು ಸಂಕೇತ. 116 ಅಂದರೆ ಒಂದು ಟೈರ್ 1,250 ಕಿಲೋ, ಅಂದರೆ 2,756 ಪೌಂಡ್ ಹೊರುತ್ತದೆ. ಆದರೆ ಕಾರ್ ಟೈರನ್ನು ಟ್ರಕ್ಕಿಗೆ ಹಾಕಿದಾಗ ಆ ಅಂಕಿಯನ್ನು 1.1ರಿಂದ ಭಾಗಿಸಬೇಕು ಅಂತ ಅಮೆರಿಕದ ಸುರಕ್ಷತಾ ನಿಯಮವೇ ಹೇಳುತ್ತದೆ. ಟ್ರಕ್ಕಿನ ಬದುಕು ಕಾರಿನಷ್ಟು ಸುಖದ್ದಲ್ಲ ಅಲ್ವಾ, ಅದಕ್ಕೆ. ಭಾಗಿಸಿದರೆ ಸುಮಾರು 2,505 ಪೌಂಡ್. ಅದೂ ಬರೀ 35 ಪಿಎಸ್‌ಐ ಗಾಳಿಯಲ್ಲಿ.

ಹೊಸ ಟೈರ್ ಎಲ್‌ಟಿ275/65ಆರ್18, ಲೋಡ್ ರೇಂಜ್ ಇ (ಹತ್ತು ಪ್ಲೈಗೆ ಇರುವ ಅಕ್ಷರ), ಇಂಡೆಕ್ಸ್ 123. ಅಂದರೆ 3,415 ಪೌಂಡ್. ಕೇಳೋಕೆ ಭರ್ಜರಿ. ಆದರೆ ಅದು 80 ಪಿಎಸ್‌ಐ ತುಂಬಿದಾಗಿನ ಮಾತು. 50ಕ್ಕೆ ಇಳಿಸಿದರೆ ಅದೇ ಟೈರ್ ಹೊರುವುದು 2,535 ಪೌಂಡ್ ಮಾತ್ರ. 35ಕ್ಕೆ ಇಳಿಸಿದರೆ ಸುಮಾರು 2,000. ಹಳೆ ಟೈರ್ 35ರಲ್ಲಿ ಮಾಡುತ್ತಿದ್ದ ಕೆಲಸವನ್ನು ಹೊಸ ಟೈರ್ ಮಾಡಬೇಕಾದರೆ 50 ಬೇಕು. ಟೈರಿನೊಳಗೆ ಭಾರ ಹೊರುವುದು ಗಾಳಿ. ರಬ್ಬರು, ದಾರ, ಉಕ್ಕಿನ ತಂತಿ ಎಲ್ಲ ಸೇರಿ ಮಾಡುವ ಕೆಲಸ ಆ ಗಾಳಿಯನ್ನು ಹಿಡಿದಿಡುವುದು. ದಪ್ಪ ಚೀಲ ಕೊಂಡು ಅರ್ಧ ತುಂಬಿಸಿದ ಹಾಗಾಗಿತ್ತು ನನ್ನ ಕಥೆ.

ಈ 'ಹತ್ತು ಪ್ಲೈ' ಅನ್ನುವುದರ ಬಗ್ಗೆಯೂ ಹೇಳಿಬಿಡುತ್ತೇನೆ. ಡಲ್ಲಾಸ್‌ನ ಗೆಳೆಯನೊಬ್ಬ ಈಚೆಗೆ ಫೋನ್ ಮಾಡಿ, "ಹತ್ತು ಪ್ಲೈ ಹಾಕಿಸಿದರೆ ಸಾಕಲ್ವಾ ಗುರೂ?" ಅಂತ ಕೇಳಿದ. ಒಂದು ಕಾಲದಲ್ಲಿ ಟೈರ್ ಒಳಗೆ ಹತ್ತಿಯ ಬಟ್ಟೆಯ ಪದರಗಳು ಇರುತ್ತಿದ್ದವು. ಪದರ ಜಾಸ್ತಿ ಇದ್ದಷ್ಟೂ ಬಲ ಜಾಸ್ತಿ. ಈಗಿನ ರೇಡಿಯಲ್ ಟೈರ್ ಕತ್ತರಿಸಿ ನೋಡಿದರೆ ಪಕ್ಕದ ಗೋಡೆಯಲ್ಲಿ ಸಿಗುವುದು ಎರಡೋ ಮೂರೋ ಪಾಲಿಯೆಸ್ಟರ್ ಪದರ ಅಷ್ಟೆ. ಹತ್ತು ಹತ್ತಿ ಪದರಗಳಷ್ಟು ಬಲ ಇದಕ್ಕಿದೆ ಅನ್ನುವುದು ಮಾತಿನ ಅರ್ಥ. ಊರಲ್ಲಿ ಲಾರಿ ಟೈರ್ ಮೇಲೆ 16 ಪಿಆರ್ ಅಂತ ಬರೆದಿರುವುದೂ ಇದೇ ಲೆಕ್ಕ. ಅಕ್ಷರದಲ್ಲಿ ಹೇಳುವುದಾದರೆ ಸಿ ಅಂದರೆ ಆರು ಪ್ಲೈ, 50 ಪಿಎಸ್‌ಐವರೆಗೆ. ಡಿ ಅಂದರೆ ಎಂಟು, 65ರವರೆಗೆ. ಇ ಅಂದರೆ ಹತ್ತು, 80ರವರೆಗೆ. ಟೈರ್ ಎಷ್ಟು ಒತ್ತಡ ತಡೆಯಬಲ್ಲದು ಅನ್ನುವುದನ್ನಷ್ಟೇ ಅಕ್ಷರ ಹೇಳುತ್ತದೆ. ಒಂದೇ ಸೈಜಿನ ಸಿ ಟೈರಿಗೂ ಇ ಟೈರಿಗೂ 50 ಪಿಎಸ್‌ಐ ತುಂಬಿದರೆ ಎರಡೂ ಹೊರುವುದು ಒಂದೇ ಭಾರ.

ಹಾಗಾದರೆ ನಿಮ್ಮ ಗಾಡಿಗೆ ಎಷ್ಟು ಬೇಕು? ಇಲ್ಲಿ ಊಹೆ ನಡೆಯುವುದಿಲ್ಲ. ತೂಕ ಹಾಕಿಸಲೇಬೇಕು.

ಅದಕ್ಕೆ ಮೊದಲು ಒಂದು ಮಾತು. ಟ್ರೈಲರ್‌ನ ಪೂರ್ತಿ ಭಾರ ಪಿಕಪ್ ಟೈರ್ ಮೇಲೆ ಬೀಳುವುದಿಲ್ಲ. ಎತ್ತಿನ ಗಾಡಿಗೆ ಹುಲ್ಲು ಹೇರುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಭಾರ ಮುಂದಕ್ಕೆ ಜಾಸ್ತಿಯಾದರೆ ಎತ್ತಿನ ಕತ್ತಿನ ಮೇಲೆ ಬೀಳುತ್ತದೆ. ಹಿಂದಕ್ಕೆ ಜಾಸ್ತಿಯಾದರೆ ಮೂಕಿ ಮೇಲೆದ್ದು ನೊಗ ಎತ್ತಿನ ಕತ್ತು ಹಿಡಿಯುತ್ತದೆ. ಹೇರುವವರು ಸ್ವಲ್ಪ ಮುಂಭಾರ ಇರುವ ಹಾಗೆ ನೋಡಿಕೊಳ್ಳುತ್ತಾರೆ. ಟ್ರೈಲರ್‌ಗೂ ಇದೇ ನ್ಯಾಯ. ಪಿಕಪ್‌ನ ಕೊಂಡಿಯ ಮೇಲೆ ಬೀಳುವ ಮುಂಭಾರಕ್ಕೆ ಇಲ್ಲಿ ಟಂಗ್ ವೈಟ್ ಅನ್ನುತ್ತಾರೆ. ಅದು ಟ್ರೈಲರ್ ತೂಕದ ನೂರಕ್ಕೆ 10ರಿಂದ 15ರಷ್ಟು ಇರಬೇಕು. 10ಕ್ಕಿಂತ ಕಡಿಮೆಯಾದರೆ ಟ್ರೈಲರ್ ಬಾಲ ಬೀಸಲು ಶುರು ಮಾಡುತ್ತದೆ. ಅದನ್ನು ಯಾವ ಟೈರೂ ಸರಿ ಮಾಡುವುದಿಲ್ಲ. ಪಿಕಪ್‌ನ ತೊಟ್ಟಿಯ ಮಧ್ಯದಲ್ಲೇ ಕೂರುವ ಫಿಫ್ತ್ ವೀಲ್ ಟ್ರೈಲರ್‌ಗಳಲ್ಲಿ ಈ ಪಾಲು ಇನ್ನೂ ಜಾಸ್ತಿ, ಸುಮಾರು ನೂರಕ್ಕೆ 20.

ಅಮೆರಿಕದ ಹೆದ್ದಾರಿ ಬದಿಯ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಅಂತ ತೂಕದ ಕಟ್ಟೆ ಇರುತ್ತದೆ. ಲಾರಿಯವರಿಗಾಗಿ ಮಾಡಿದ್ದು, ಆದರೆ ನಮ್ಮಂಥವರೂ ಹೋಗಬಹುದು. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೈಲರ್ ಆಕ್ಸಲ್ ಮೂರರ ತೂಕವನ್ನೂ ಬೇರೆ ಬೇರೆಯಾಗಿ ಬರೆದು ಚೀಟಿ ಕೊಡುತ್ತಾರೆ. ಒಮ್ಮೆ ಟ್ರೈಲರ್ ಕಟ್ಟಿ, ಇನ್ನೊಮ್ಮೆ ಬಿಚ್ಚಿ ಹಾಕಿಸಬೇಕು. ನೀರು, ಅಡುಗೆ ಸಾಮಾನು, ಸೈಕಲ್, ಮಕ್ಕಳು ಎಲ್ಲರೂ ಗಾಡಿಯಲ್ಲೇ ಇರಲಿ. ಖಾಲಿ ಗಾಡಿಯ ತೂಕ ತಗೊಂಡು ಏನು ಮಾಡುತ್ತೀರಿ?

ನನ್ನ ಚೀಟಿಯಲ್ಲಿ ಬಂದದ್ದು ಇಷ್ಟು. ಟ್ರೈಲರ್ ಇಲ್ಲದೆ ಮುಂದೆ 3,260 ಪೌಂಡ್, ಹಿಂದೆ 2,640. ಟ್ರೈಲರ್ ಕಟ್ಟಿದ ಮೇಲೆ ಮುಂದೆ 3,140, ಹಿಂದೆ 3,560, ಟ್ರೈಲರ್ ಆಕ್ಸಲ್‌ಗಳ ಮೇಲೆ 5,400. ಪಿಕಪ್ ಒಟ್ಟು 5,900 ಇದ್ದದ್ದು 6,700 ಆಯಿತು. ಅಂದರೆ ಟಂಗ್ ವೈಟ್ 800. ಟ್ರೈಲರ್‌ನ ನಿಜ ತೂಕ 6,200. ನೂರಕ್ಕೆ 13ರ ಹತ್ತಿರ, ಸರಿಯಾಗಿದೆ. (1,000 ಪೌಂಡ್ ಅಂದರೆ ಸುಮಾರು 454 ಕಿಲೋ.)

ಆದರೆ ಹಿಂದಿನ ಆಕ್ಸಲ್ ನೋಡಿ. ಹೇರಿದ್ದು 800, ಏರಿದ್ದು 920! ಕೊಂಡಿ ಇರುವುದು ಹಿಂದಿನ ಚಕ್ರಕ್ಕಿಂತ ಹಿಂದೆ. ಏತದ ಹಾಗೆ ಹಿಂದೆ ಅದುಮಿದರೆ ಮುಂದೆ ಏಳುತ್ತದೆ. ಮುಂದಿನ ಚಕ್ರದಿಂದ ಹಗುರಾದ 120 ಪೌಂಡ್ ಕೂಡ ಹಿಂದಿನದಕ್ಕೇ ಬಂತು. ವೈಟ್ ಡಿಸ್ಟ್ರಿಬ್ಯೂಷನ್ ಹಿಚ್ ಅನ್ನುವ ಸರಳುಗಳುಳ್ಳ ಕೊಂಡಿ ಈ ಭಾರದ ಒಂದು ಪಾಲನ್ನು ಮತ್ತೆ ಮುಂದಕ್ಕೂ ಟ್ರೈಲರ್ ಆಕ್ಸಲ್‌ಗೂ ಹಂಚುತ್ತದೆ. ನನ್ನ ಬಳಿ ಇದ್ದರೂ ಸರಳುಗಳನ್ನು ಸರಿಯಾಗಿ ಬಿಗಿದಿರಲಿಲ್ಲ ಅನ್ನುವುದು ಈ ಚೀಟಿ ನೋಡಿದ ಮೇಲೆಯೇ ಗೊತ್ತಾದದ್ದು.

ಈಗ ಡ್ರೈವರ್ ಬಾಗಿಲು ತೆಗೆದು ಕಂಬದ ಮೇಲಿನ ಸ್ಟಿಕ್ಕರ್ ಓದಿ. ಪ್ರತಿ ಆಕ್ಸಲ್ ಎಷ್ಟು ಹೊರಬಹುದು, ಗಾಡಿ ಒಟ್ಟು ಎಷ್ಟು ತೂಗಬಹುದು ಅನ್ನುವುದು ಅಲ್ಲಿರುತ್ತದೆ. ನನ್ನದರಲ್ಲಿ ಹಿಂದಿನ ಆಕ್ಸಲ್ ಮಿತಿ 3,800. ಚೀಟಿಯ 3,560ಕ್ಕೂ ಇದಕ್ಕೂ 240 ಪೌಂಡ್ ಅಂತರ. ಒಬ್ಬ ದಪ್ಪ ಭಾವ ಜೊತೆಗೆ ಬಂದರೆ ಮುಗಿಯಿತು.

ನನಗೆ ಕಣ್ಣು ತೆರೆಸಿದ ಲೆಕ್ಕ ಮುಂದಿನದು. ಹಳೆ ಕಾರ್ ಜಾತಿಯ ಟೈರ್ ಎರಡು ಸೇರಿ 5,010 ಪೌಂಡ್ ಹೊರುತ್ತಿದ್ದವು. ಆಕ್ಸಲ್ ಮಿತಿ 3,800 ಮಾತ್ರ. ಅಂದರೆ ಹಾಫ್ ಟನ್ ಗಾಡಿಯಲ್ಲಿ ಮೊದಲು ಸೋಲುವುದು ಟೈರ್ ಅಲ್ಲವೇ ಅಲ್ಲ. ಆಕ್ಸಲ್, ಸ್ಪ್ರಿಂಗ್, ಬ್ರೇಕ್, ಚಾಸಿ ಮೊದಲು ಸೋಲುತ್ತವೆ. 3,415 ಪೌಂಡಿನ ಟೈರ್ ಹಾಕಿದ ಮಾತ್ರಕ್ಕೆ ಗಾಡಿ ಒಂದು ಪೌಂಡೂ ಜಾಸ್ತಿ ಹೊರುವುದಿಲ್ಲ. ಸ್ಟಿಕ್ಕರ್ ಮೇಲಿನ ಮಿತಿ ಹಾಗೇ ಇರುತ್ತದೆ. ಟೈರ್ ಬದಲಾಯಿಸಿದೆ, ಇನ್ನು ದೊಡ್ಡ ಟ್ರೈಲರ್ ಕೊಳ್ಳಬಹುದು ಅಂದುಕೊಳ್ಳುವವರು ಬಹಳ ಜನ. ದಯವಿಟ್ಟು ಬೇಡ.

ಮತ್ತೆ ಎಲ್‌ಟಿ ಯಾಕೆ? ಎರಡು ಕಾರಣ. ಒಂದು, ಪಕ್ಕದ ಗೋಡೆ ಗಟ್ಟಿ. ಅಡ್ಡಗಾಳಿ ಬೀಸಿದಾಗ, ಲಾರಿ ದಾಟಿದಾಗ ಟೈರ್ ಅಡ್ಡಕ್ಕೆ ಬಾಗುವುದು ಕಡಿಮೆ, ಓಲಾಟ ಕಡಿಮೆ. ಸರಿಯಾಗಿ ಗಾಳಿ ಇದ್ದರೆ ಮಾತ್ರ, ನೆನಪಿರಲಿ. ಇನ್ನೊಂದು, ಜಲ್ಲಿ ರಸ್ತೆ, ಚೂಪು ಕಲ್ಲು, ಬಿಸಿಲು ಇವುಗಳನ್ನು ತಡೆಯುವ ಶಕ್ತಿ ಜಾಸ್ತಿ. ಇದಕ್ಕೆ ಬೆಲೆಯೂ ಕೊಡಬೇಕು. ಟೈರ್ ಭಾರ, ಪೆಟ್ರೋಲ್ ಸ್ವಲ್ಪ ಜಾಸ್ತಿ ಕುಡಿಯುತ್ತದೆ, ಟ್ರೈಲರ್ ಇಲ್ಲದಾಗ ಗಾಡಿ ಕುಲುಕುತ್ತದೆ. ವರ್ಷಕ್ಕೆ ಎರಡು ಸಲ ಸಣ್ಣ ಬೋಟ್ ಎಳೆಯುವವರಿಗೆ ಒಳ್ಳೆಯ ಕಾರ್ ಜಾತಿಯ ಟೈರ್ ಸಾಕು ಅನ್ನುವುದು ನನ್ನ ಅಭಿಪ್ರಾಯ. 5,000 ಪೌಂಡಿಗಿಂತ ಜಾಸ್ತಿಯ, ಗೋಡೆಯಂತೆ ಎತ್ತರದ ಕ್ಯಾಂಪರ್ ಕಟ್ಟಿಕೊಂಡು ತಿಂಗಳಿಗೊಮ್ಮೆ ಹೊರಡುವವರಾದರೆ ಎಲ್‌ಟಿ ತಗೊಳ್ಳಿ. ಹಾಫ್ ಟನ್‌ಗೆ ನಿಮ್ಮ ಸೈಜಿನಲ್ಲಿ ಸಿ ಸಿಕ್ಕರೆ ಅದೇ ಹಿತ. ಆದರೆ ಬಹಳ ಸೈಜುಗಳಲ್ಲಿ ಅಂಗಡಿಯಲ್ಲಿ ಸಿಗುವುದು ಇ ಒಂದೇ.

ದೊಡ್ಡ ಗಾಡಿಗಳದ್ದು ಬೇರೆ ಕಥೆ. ಅಲ್ಲಿ ಟೈರ್‌ಗೂ ಆಕ್ಸಲ್‌ಗೂ ಇರುವ ಅಂತರ ಕಿರಿದು. ಎಲ್‌ಟಿ275/70ಆರ್18 ಇ ಟೈರ್‌ನ ಇಂಡೆಕ್ಸ್ 125/122. ಒಂಟಿ ಚಕ್ರವಾದರೆ 80 ಪಿಎಸ್‌ಐನಲ್ಲಿ ಸುಮಾರು 3,640 ಪೌಂಡ್, ಎರಡಕ್ಕೆ 7,280. 12,000 ಪೌಂಡಿನ ಫಿಫ್ತ್ ವೀಲ್ ಕಟ್ಟಿದರೆ ತೊಟ್ಟಿಯಲ್ಲಿ 2,400 ಪೌಂಡ್ ಬಂದು ಕೂರುತ್ತದೆ. ಅಲ್ಲಿ ಇ ಬಿಟ್ಟು ಕೆಳಗಿನದನ್ನು ಯೋಚಿಸುವ ಹಾಗೇ ಇಲ್ಲ. ಚೆಂದ ಕಾಣಲಿ ಅಂತ 20, 22 ಇಂಚಿನ ರಿಮ್ ಹಾಕಿಸುವವರು ಇಲ್ಲೇ ಎಡವುತ್ತಾರೆ. ಟೈರ್ ತೆಳುವಾದಷ್ಟೂ ಒಳಗೆ ಗಾಳಿಗೆ ಜಾಗ ಕಡಿಮೆ. ಎರಡನೆಯ ಅಂಕಿ 122 ಹಿಂದೆ ಜೋಡಿ ಚಕ್ರ ಇರುವ 'ಡೂಲಿ' ಗಾಡಿಗಳಿಗೆ. ಅಕ್ಕಪಕ್ಕದ ಎರಡು ಟೈರ್ ಯಾವತ್ತೂ ಭಾರವನ್ನು ಸಮನಾಗಿ ಹಂಚಿಕೊಳ್ಳುವುದಿಲ್ಲ. ಅದಕ್ಕೇ ಜೋಡಿಯಲ್ಲಿ ತಲಾ ಲೆಕ್ಕ ಕಡಿಮೆ.

ಟೈರನ್ನು ಕೊನೆಗೆ ಕೊಲ್ಲುವುದು ಬಿಸಿ. ಚಕ್ರ ಒಂದು ಸುತ್ತು ಹೊಡೆದಾಗಲೆಲ್ಲ ಟೈರ್ ನೆಲ ಮುಟ್ಟುವ ಕಡೆ ಒಮ್ಮೆ ಬಾಗಿ ನೆಟ್ಟಗಾಗುತ್ತದೆ. ತಂತಿಯನ್ನು ಅತ್ತಿತ್ತ ಬಗ್ಗಿಸಿದರೆ ಬೆಚ್ಚಗಾಗುವುದಿಲ್ಲವೇ, ಹಾಗೆ. ಗಾಳಿ ಕಡಿಮೆಯಾದಷ್ಟೂ ಬಾಗುವುದು ಜಾಸ್ತಿ. ಅದಕ್ಕೆ ಭಾರ, ವೇಗ, ಬಿಸಿಲು ಸೇರಿದರೆ ಉಕ್ಕಿನ ಬೆಲ್ಟ್‌ಗಳನ್ನು ಹಿಡಿದ ರಬ್ಬರು ಬಿಡುತ್ತದೆ, ಮೇಲಿನ ಪಟ್ಟಿ ಕಿತ್ತು ಬರುತ್ತದೆ. 2000ನೇ ಇಸವಿಯ ಆಗಸ್ಟ್‌ನಲ್ಲಿ ಫೈರ್‌ಸ್ಟೋನ್ ಕಂಪನಿ ಸುಮಾರು 65 ಲಕ್ಷ ಟೈರ್ ವಾಪಸ್ ಕರೆಸಿಕೊಂಡಿತು. ಅವುಗಳಲ್ಲಿ ಬಹಳಷ್ಟು ಇದ್ದದ್ದು ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳಲ್ಲಿ. 200ಕ್ಕೂ ಹೆಚ್ಚು ಜನ ಸತ್ತಿದ್ದರು. ಟೈರ್ ತಯಾರಿಯಲ್ಲಿ ತಪ್ಪೋ, ಗಾಡಿಯ ವಿನ್ಯಾಸದಲ್ಲೋ ಅಂತ ಎರಡೂ ಕಂಪನಿಗಳು ಕಿತ್ತಾಡಿದವು. ಆಗ ಫೋರ್ಡ್ ಹೇಳಿದ್ದ ಗಾಳಿ 26 ಪಿಎಸ್‌ಐ ಅನ್ನುವುದೂ ಆ ಜಗಳದ ನಡುವಿನಲ್ಲಿತ್ತು.

ಅದೇ ವರ್ಷ ಬಂದ ಕಾನೂನಿನಿಂದಾಗಿ ಇವತ್ತು ನಮ್ಮ ಗಾಡಿಗಳಲ್ಲಿ ಗಾಳಿ ಕಡಿಮೆಯಾದರೆ ಹಳದಿ ದೀಪ ಹತ್ತುತ್ತದೆ. ಆದರೆ ಎಲ್‌ಟಿ ಹಾಕಿದವರು ಇದನ್ನು ನಂಬಿ ಕೂರಬೇಡಿ. ಸ್ಟಿಕ್ಕರ್‌ನ ಒತ್ತಡಕ್ಕಿಂತ ನೂರಕ್ಕೆ 25ರಷ್ಟು ಇಳಿದಾಗ ದೀಪ ಹತ್ತಬೇಕು ಅನ್ನುವುದು ನಿಯಮ. ಸ್ಟಿಕ್ಕರ್ 35 ಅಂದರೆ ಸುಮಾರು 26. ನಿಮ್ಮ ಹೊಸ ಟೈರ್‌ಗೆ ಬೇಕಾದದ್ದು 50. ಅದು 30ಕ್ಕೆ ಇಳಿದು ಒಳಗೊಳಗೇ ಬೇಯುತ್ತಿದ್ದರೂ ದೀಪ ಸುಮ್ನೆ ಇರುತ್ತದೆ. ಹೊಸ ಒತ್ತಡಕ್ಕೆ ಆ ವ್ಯವಸ್ಥೆಯನ್ನು ಬದಲಾಯಿಸಿಕೊಡಲು ಅಂಗಡಿಯವರನ್ನು ಕೇಳಿ.

ಕೇಳಬೇಕಾದ ಇನ್ನೊಂದು ವಿಷಯ ವಾಲ್ವ್. ಸಾಮಾನ್ಯ ರಬ್ಬರ್ ವಾಲ್ವ್ 65 ಪಿಎಸ್‌ಐವರೆಗೆ ಮಾತ್ರ. 80 ತುಂಬುವ ಯೋಚನೆ ಇದ್ದರೆ ಹೆಚ್ಚು ಒತ್ತಡ ತಡೆಯುವ ವಾಲ್ವ್ ಬೇಕು. ರಿಮ್‌ಗೂ ಒಂದು ಮಿತಿ ಇರುತ್ತದೆ. ಹಾಗಂತ ಹಾಫ್ ಟನ್ ಗಾಡಿಗೆ ಸುಮ್ನೆ 80 ಹೊಡೆಸಬೇಡಿ. ಟೈರ್ ಉಬ್ಬಿ ನಡುಭಾಗ ಮಾತ್ರ ನೆಲ ಮುಟ್ಟುತ್ತದೆ, ಅಲ್ಲೇ ಸವೆಯುತ್ತದೆ, ಮಳೆಯಲ್ಲಿ ಬ್ರೇಕ್ ಜಾರುತ್ತದೆ. ಟೈರ್ ಕಂಪನಿಗಳ ಭಾರ-ಒತ್ತಡದ ಪಟ್ಟಿ ಸಿಗುತ್ತದೆ. ಹಳೆ ಟೈರ್ ಹೊರುತ್ತಿದ್ದಷ್ಟು ಭಾರ ಹೊಸದು ಎಷ್ಟು ಗಾಳಿಯಲ್ಲಿ ಹೊರುತ್ತದೆ ಅಂತ ಅದರಲ್ಲಿ ನೋಡಿ, ಅದಕ್ಕಿಂತ ಕೆಳಗೆ ಇಳಿಯಬೇಡಿ. ನಾನು ಈಗ ಮುಂದೆ 50, ಟ್ರೈಲರ್ ಕಟ್ಟಿದಾಗ ಹಿಂದೆ 55 ಇಡುತ್ತೇನೆ. ಬೆಳಗ್ಗೆ ತಣ್ಣಗಿದ್ದಾಗ ಅಳೆಯುತ್ತೇನೆ. ಓಡಿಸಿದ ಮೇಲೆ ಒತ್ತಡ ಏರುವುದು ಸಹಜ. ಆಗ ಗಾಳಿ ಬಿಡುವುದು ತಪ್ಪು.

ಮೇಲ್ಮೈ ವಿಷಯದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಬೇಡ. ದಾರಿಯೆಲ್ಲ ಟಾರ್ ರಸ್ತೆಯಾದರೆ ಹೈವೇ ಟೈರ್ ಸಾಕು, ಅದೇ ಒಳ್ಳೆಯದು. ದಪ್ಪ ಹಲ್ಲಿನ ಮಡ್ ಟೈರ್ ನೋಡೋಕೆ ಗತ್ತು, ಆದರೆ ಆ ಹಲ್ಲುಗಳೇ ಅಲುಗಾಡಿ ಗಾಡಿ ಓಲಾಡಿಸುತ್ತವೆ. ಕಚ್ಚಾ ರಸ್ತೆಯ ಕ್ಯಾಂಪಿಗೆ ಹೋಗುವವರು ನಡುವಿನ ಆಲ್ ಟೆರೇನ್ ನೋಡಬಹುದು. ಹಿಮ ಬೀಳುವ ಕಡೆ ಇರುವವರು ಮೂರು ಶಿಖರ ಮತ್ತು ಹಿಮದ ಹರಳಿನ ಗುರುತು ಇರುವುದನ್ನೇ ತಗೊಳ್ಳಿ.

ಟ್ರೈಲರ್‌ನ ಟೈರನ್ನು ಮಾತ್ರ ಮರೆಯಬೇಡಿ. ಅವುಗಳ ಮೇಲೆ ಎಸ್‌ಟಿ, ಅಂದರೆ ಸ್ಪೆಷಲ್ ಟ್ರೈಲರ್ ಅಂತ ಇರುತ್ತದೆ. ಅವು ಸವೆದು ಸಾಯುವುದಕ್ಕಿಂತ ವಯಸ್ಸಾಗಿ ಸಾಯುವುದೇ ಜಾಸ್ತಿ. ವರ್ಷದ ಹತ್ತು ತಿಂಗಳು ಬಿಸಿಲಲ್ಲಿ ನಿಂತಿರುತ್ತವಲ್ಲ. ಡಾಟ್ ಅನ್ನುವ ಬರಹದ ಕೊನೆಯ ನಾಲ್ಕು ಅಂಕಿ ಹುಟ್ಟಿದ ವಾರ ಮತ್ತು ವರ್ಷ. 2319 ಅಂದರೆ 2019ರ 23ನೇ ವಾರ. ಹಲ್ಲು ಎಷ್ಟೇ ಇರಲಿ, ಆರು ವರ್ಷ ದಾಟಿದ ಟ್ರೈಲರ್ ಟೈರ್ ಮೇಲೆ ನಾನು ಮನೆಯವರನ್ನು ಕರೆದುಕೊಂಡು ದೂರ ಹೋಗುವುದಿಲ್ಲ. ವೇಗವನ್ನೂ ನೋಡಿ. ಹಳೆಯ ಎಸ್‌ಟಿ ಟೈರ್ ಬಹಳಷ್ಟು 65 ಮೈಲಿ ವೇಗಕ್ಕೆ ಮಾಡಿದವು. ಆಸ್ಟಿನ್ ಕಡೆಯಿಂದ ಸೆಗೀನ್‌ಗೆ ಹೋಗುವ ಎಸ್‌ಎಚ್-130 ರಸ್ತೆಯಲ್ಲಿ ಫಲಕ 85 ಅನ್ನುತ್ತದೆ, ಇಡೀ ಅಮೆರಿಕದಲ್ಲೇ ಅದು ಅತಿ ಹೆಚ್ಚು. ಕ್ಯಾಲಿಫೋರ್ನಿಯಾದಲ್ಲಿ ಟ್ರೈಲರ್ ಎಳೆಯುವವರಿಗೆ ಮಿತಿ 55. ಟೆಕ್ಸಸ್‌ನಲ್ಲಿದ್ದರೂ ಈ ಒಂದು ವಿಷಯದಲ್ಲಿ ನಾನು ಕ್ಯಾಲಿಫೋರ್ನಿಯಾದವರ ಕಡೆಗೇ ವಾಲುತ್ತೇನೆ. ಟ್ರೈಲರ್ ಕಟ್ಟಿದ ದಿನ 62ರ ಮೇಲೆ ಹೋಗುವುದಿಲ್ಲ, ಹಿಂದಿನವರು ಹಾರ್ನ್ ಹೊಡೆದರೂ ಸರಿ.

ಬಿಗ್ ಬೆಂಡ್‌ನಿಂದ ವಾಪಸ್ ಬರುವಾಗ 50 ತುಂಬಿಸಿಕೊಂಡು, ಹಿಚ್ ಸರಳು ಬಿಗಿದುಕೊಂಡು, ಅದೇ ಜಂಕ್ಷನ್ ದಾಟಿದೆವು. ಗಾಳಿ ಅವತ್ತೂ ಇತ್ತು, ಲಾರಿಗಳೂ ಇದ್ದವು. ಹಿಂದಿನ ಸೀಟಿನಲ್ಲಿ ಮಕ್ಕಳು ನಿದ್ದೆ ಹೋಗಿದ್ದರು.

ಮನೆಗೆ ಬಂದು ಗಾಡಿ ತೊಳೆಯುವಾಗ ತೊಟ್ಟಿಯ ಕೆಳಗೆ ಬಗ್ಗಿ ನೋಡಿದೆ. ಧೂಳು ಹಿಡಿದ ಸ್ಟೆಪ್ನಿ ನೇತಾಡುತ್ತಿತ್ತು. ಅದೇ ಹಳೆ ಕಾರ್ ಜಾತಿಯ ಟೈರ್. ಗೇಜ್ ಇಟ್ಟೆ, 19 ಪಾಯಿಂಟ್. ಹೊಸದನ್ನು ಕೊಳ್ಳುವಾಗ ದುಡ್ಡು ಉಳಿಸಲು ನಾಲ್ಕೇ ತಗೊಂಡಿದ್ದೆ. ಮರುದಿನವೇ ಹೋಗಿ ಐದನೆಯದನ್ನೂ ತಂದೆ.